ಶ್ರಾವಣದಲ್ಲಿ ತೆರೆದ ಬರ್ಗರ್ ಅಂಗಡಿ

ಹೋದ ತಿಂಗಳು ಮಗಳ ಜೊತೆ ವೈಟ್‌ಫೀಲ್ಡಿನ ಒಂದು ಮಾಲಿಗೆ ಹೋಗಿದ್ದೆ. ಅವಳಿಗೆ ಬೇಕಾದ ಚಪ್ಪಲಿ ನಮ್ಮ ಬೊಮ್ಮಸಂದ್ರದಲ್ಲಾಗಲಿ ಚಂದಾಪುರದಲ್ಲಾಗಲಿ ಸಿಗುವುದಿಲ್ಲವಂತೆ. ಚಪ್ಪಲಿಯಾಯಿತು, ಹೊಟ್ಟೆಗೆ ಏನಾದರೂ ಹಾಕಿಕೊಳ್ಳೋಣ ಎಂದು ತಿಂಡಿ ಅಂಗಡಿಗಳ ಮಹಡಿಗೆ ಎಸ್ಕಲೇಟರಿನಲ್ಲಿ ಏರುತ್ತಿದ್ದಾಗ ಆ ವಾಸನೆ ಬಂತು. ಒಗ್ಗರಣೆಯ ಈರುಳ್ಳಿಯದಲ್ಲ, ಬಜ್ಜಿಯದೂ ಅಲ್ಲ. ಎಳೆಯೆಳೆಯಾಗಿ ಹೆಚ್ಚಿದ ಈರುಳ್ಳಿಯನ್ನು ಕಾದ ಕಬ್ಬಿಣದ ಮೇಲೆ ಮಾಂಸದ ಜೊತೆ ಒತ್ತಿ ಹಿಡಿದಾಗ ಏಳುವ ವಾಸನೆ. ಮೊದಲು ಸಿಹಿ, ಬೆನ್ನಿಗೇ ಸ್ವಲ್ಪ ಕಮರು. ನಾನು ಮೇಲೆ ಬಂದವಳು ಅಲ್ಲೇ ನಿಂತುಬಿಟ್ಟೆ. ಹಿಂದಿನವರು ಬಂದು ಬೆನ್ನಿಗೆ ಡಿಕ್ಕಿ ಹೊಡೆದರು.

ಟೋಪಿ ಹಾಕಿದ ಯುವಕನೊಬ್ಬ ಹಂಚಿನ ಹಿಂದಿನಿಂದ ಕರೆದ. "ಬನ್ನಿ ಮೇಡಂ, ಒಕ್ಲಹೋಮ ಸ್ಟೈಲ್ ಈರುಳ್ಳಿ ಬರ್ಗರ್. ಬೆಂಗಳೂರಲ್ಲಿ ನಾವೇ ಫಸ್ಟು."

ಮಗಳು ನನ್ನ ಮುಖ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಹೇಳ್ಲಾ ಅಮ್ಮ?" ಅಂದಳು. ಬೇಡವೆಂದು ಕಣ್ಣಲ್ಲೇ ಹೇಳಿದೆ. ದುಡಿಯುವ ಹುಡುಗ, ಅವನ ಉತ್ಸಾಹಕ್ಕೆ ನಾವ್ಯಾಕೆ ಕಲ್ಲು ಹಾಕಬೇಕು? ಬೆಂಗಳೂರಿನ ವಿಷಯ ನನಗೆ ಗೊತ್ತಿಲ್ಲ. ಬೊಮ್ಮಸಂದ್ರದಲ್ಲಂತೂ ನಾವೇ ಮೊದಲು. ಅದೂ ಎಂಥ ಮುಹೂರ್ತದಲ್ಲಿ!

ನಮ್ಮದು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಅಂಟಿಕೊಂಡಿರುವ ಹಳ್ಳಿ. ಹಳ್ಳಿ ಅನ್ನುವುದು ಈಗ ಬಾಯಿಮಾತಿಗೆ ಮಾತ್ರ. ರಾಗಿ ಬೆಳೆಯುತ್ತಿದ್ದ ಹೊಲ ಕೈಗಾರಿಕೆಗೆ ಹೋಯಿತು, ಉಳಿದ ತುಂಡು ಜಾಗದಲ್ಲಿ ನನ್ನ ಮಾವ ಪಿಳ್ಳಪ್ಪನವರು ಮೂರು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟರು. ನಾನು ಚಿಕ್ಕಬಾಣಾವರದವಳು, ಸರ್ಕಾರಿ ಕಾರ್ಖಾನೆಯ ಫಿಟ್ಟರೊಬ್ಬರ ಮಗಳು. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಮೊದಲು ಪರಿಚಯವಾದದ್ದು ಮನೆಯವರಲ್ಲ, ಮನೆ ಹಿಂದಿನ ಕೆರೆ. ಮಳೆ ಹಿಡಿದು, ಗಾಳಿ ಆ ಕಡೆಯಿಂದ ಬೀಸಿದರೆ ಸಾಕು, ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಬೆರೆಸಿದಂಥ ನಾತ ಮನೆಯೊಳಗೆ ನುಗ್ಗುತ್ತಿತ್ತು. "ಕೆರೆ ಬಂತು, ಕಿಟ್ಕಿ ಆಕ್ರಿ!" ಎಂದು ಮಾವ ಜಗುಲಿಯಿಂದಲೇ ಕೂಗುತ್ತಿದ್ದರು. ಯಾರೋ ನೆಂಟರು ಬಂದ ಹಾಗೆ. ಬೀದಿಯುದ್ದಕ್ಕೂ ಕಿಟಕಿಗಳು ದಡದಡನೆ ಮುಚ್ಚಿಕೊಳ್ಳುತ್ತಿದ್ದವು. ಈ ಮಾತು ನಮ್ಮ ಮನೆಯಲ್ಲಿ ಎಷ್ಟು ಬಳಕೆಯಾಗಿತ್ತೆಂದರೆ ನನ್ನ ಮಗಳು ಬೇರೆ ಊರಿನಲ್ಲಿ ಚರಂಡಿ ನಾತ ಬಂದರೂ "ಕೆರೆ ಬಂತು" ಅನ್ನುತ್ತಿದ್ದಳು.

ನನ್ನ ಮೈದುನ ಮುನಿರಾಜು ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ಅಲ್ಲಿ ಅಮೆರಿಕದ ತಿಂಡಿಗೆಂದೇ ಒಂದು ಕೌಂಟರ್ ಇತ್ತು. ತಿಂಗಳಿಗೊಂದು ಸೀಮೆಯ ಬರ್ಗರ್ ಮಾಡಬೇಕು. ಬರ್ಗರ್ ಅಂದರೆ ಒಂದೇ ಅಲ್ಲವೇ, ಎರಡು ಬನ್ನಿನ ನಡುವೆ ಒಂದು ಬಿಲ್ಲೆ ಎಂದುಕೊಂಡಿದ್ದ ನನಗೆ ಅವನು ಭಾನುವಾರ ಮನೆಗೆ ಬಂದು ಹೇಳುತ್ತಿದ್ದ ಕಥೆಗಳು ವಿಚಿತ್ರವಾಗಿರುತ್ತಿದ್ದವು. ಮಾವನಿಗಂತೂ ಆ ಕಥೆಯಿಲ್ಲದೆ ಭಾನುವಾರದ ಊಟ ಇಳಿಯುತ್ತಿರಲಿಲ್ಲ.

"ಕನೆಕ್ಟಿಕಟ್ ಅಂತ ಒಂದ್ ಕಡೆ ಇದೆ ಕಣಪ್ಪ. ಅಲ್ಲಿ ಬರ್ಗರ್‌ನ ಇಡ್ಲಿ ಥರ ಹಬೇಲಿ ಬೇಯಿಸ್ತಾರೆ."

"ಯಾಕೆ, ಅವ್ರತ್ರ ಎಣ್ಣೆ ಇಲ್ವಾ?" ಮಾವ ಕೇಳುತ್ತಿದ್ದರು.

"ವಿಸ್ಕಾನ್ಸಿನ್ನಲ್ಲಿ ಬೆಣ್ಣೇಲೇ ಮುಳುಗಿಸ್ತಾರೆ. ಮಿನೆಸೋಟದಲ್ಲಿ ಚೀಸ್‌ನ ಮೇಲೆ ಇಡಲ್ಲ, ಹೋಳಿಗೆಗೆ ಹೂರಣ ತುಂಬ್ದಂಗೆ ಮಾಂಸದೊಳಗೇ ತುಂಬ್ತಾರೆ. ಕಚ್ಚಿದ್ರೆ ಬಾಯಿ ಸುಡ್ತದೆ."

"ಅಂಗಾದ್ರೆ ಅವ್ರೂ ಒಬ್ಬೊಬ್ರೂ ಒಂದೊಂದ್ ಜಾತಿ ಅನ್ನು!" ಎಂದು ಮಾವ ಮುದ್ದೆ ಮುರಿಯುತ್ತಾ ನಗುತ್ತಿದ್ದರು. ಮಿಸಿಸಿಪ್ಪಿ ಕಡೆ ಕಷ್ಟಕಾಲದಲ್ಲಿ ಮಾಂಸಕ್ಕೆ ಹಿಟ್ಟು ಕಲಸಿ ಕರಿದರಂತೆ ಎಂದಾಗ ಅತ್ತೆಯ ಕಡೆ ತಿರುಗಿ, "ನೀನು ಕೈಮ ಉಂಡೆಗೆ ಉರಿಗಡಲೆ ಇಟ್ಟು ಆಕಿ ಜಾಸ್ತಿ ಮಾಡ್ತೀಯಲ್ಲ, ಅಂಗೇ" ಎಂದು ಕೆಣಕಿದ್ದರು. ಅತ್ತೆ ಅಕ್ಕಯಮ್ಮ ಸೌಟು ಕುಕ್ಕಿ, "ಎಂಟತ್ತು ಜನದ ಮನೇಲಿ ಒಂದ್ ಸೇರು ಮಾಂಸ ತಂದ್ರೆ ಇನ್ನೇನ್ ಮಾಡ್ಲಿ?" ಅಂದಿದ್ದರು.

ಮಾವನಿಗೆ ಮನಸ್ಸಿಗೆ ಹಿಡಿದದ್ದು ಒಕ್ಲಹೋಮದ ಕಥೆ. ಅಲ್ಲೂ ಒಂದು ಕಾಲಕ್ಕೆ ರೈಲು ಕೆಲಸಗಾರರ ಮುಷ್ಕರ, ಕೈಯಲ್ಲಿ ಕಾಸಿಲ್ಲ. ಮಾಂಸ ದುಬಾರಿ, ಈರುಳ್ಳಿ ಅಗ್ಗ. ಹಿಡಿ ಮಾಂಸಕ್ಕೆ ಹಿಡಿ ಈರುಳ್ಳಿ ಹಾಕಿ ಹಂಚಿನ ಮೇಲೆ ಒತ್ತಿ ದೊಡ್ಡದು ಮಾಡಿದರು. ಕಾಲ ಸುಧಾರಿಸಿತು, ಮಾಂಸಕ್ಕೆ ಬರವಿಲ್ಲ ಎಂದಾಯಿತು. ಆದರೂ ಈರುಳ್ಳಿ ಬಿಡಲಿಲ್ಲ. ಈರುಳ್ಳಿ ಇಲ್ಲದಿದ್ದರೆ ಅದು ಬರ್ಗರೇ ಅಲ್ಲ ಎಂದು ಅವರ ವಾದವಂತೆ.

"ಅವತ್ತು ಇಲ್ದಿದ್ಕೆ ಆಕಿದ್ರು, ಇವತ್ತು ಇದ್ರೂ ಆಕ್ತಾರೆ. ನಾಲ್ಗೆ ಕಷ್ಟ ಮರೆಯಲ್ಲ ನೋಡು" ಎಂದ ಮಾವ, ಕೊನೆಗೆ "ಒಂದ್ ದಪ ನಂಗೂ ಅದ್ನ ತಿನ್ಸೋ" ಅಂದಿದ್ದರು. ಅವರು ಮಗನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕಂಪನಿಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯ ತೆಳು ಕಾವಲಿಯ ಮೇಲೆ ಅದು ಆಗುವುದಿಲ್ಲ, ದಪ್ಪ ಹಂಚು ಬೇಕು ಎಂದ ಮುನಿರಾಜು. ನಮ್ಮ ಊಟಕ್ಕೆ ತಕ್ಕ ಹಾಗೆ ಮೇಕೆ ಮಾಂಸದಲ್ಲೇ ಮಾಡಿಕೊಡುತ್ತೇನೆ, ಮುಂದಿನ ಹಬ್ಬಕ್ಕೆ ಎಂದೂ ಹೇಳಿದ. ಆ ಹಬ್ಬ ಬರುವ ಮೊದಲು ಕೊರೊನಾದ ಎರಡನೇ ಅಲೆ ಬಂತು. ಅಪ್ಪ ಮಗ ಇಬ್ಬರೂ ಆಸ್ಪತ್ರೆ ಸೇರಿದರು. ಮನೆಗೆ ಬಂದವನು ಮಗ ಒಬ್ಬನೇ.

ಆಮೇಲೆ ಒಂದು ವರ್ಷ ಮುನಿರಾಜು ಮನೆಯಲ್ಲೇ ಕುಳಿತ. ಕ್ಯಾಂಟೀನು ಮತ್ತೆ ಶುರುವಾಗಿ ಕರೆ ಬಂದರೂ ಹೋಗಲಿಲ್ಲ. ಕಾರ್ಖಾನೆ ಬಸ್ಸು ಓಡಿಸುವ ನನ್ನ ಗಂಡ ನಾರಾಯಣಸ್ವಾಮಿ ರೇಗಿದರು, ಬುದ್ಧಿ ಹೇಳಿದರು, ಸುಮ್ಮನಾದರು. ಅಪ್ಪನ ಕೊರಗು ಎಂದು ಅತ್ತೆ ಸಮಾಧಾನ ಮಾಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು.

ಮಾವನ ವರ್ಷದ ತಿಥಿ ಮುಗಿದ ಹೊತ್ತಿಗೆ ನಮ್ಮ ಕೆಳಗಿನ ಮಳಿಗೆಯ ಜೆರಾಕ್ಸ್ ಅಂಗಡಿಯವರು ಖಾಲಿ ಮಾಡಿದರು. ಅಲ್ಲೊಂದು ಬರ್ಗರ್ ಅಂಗಡಿ ಹಾಕೋಣ ಎಂದವಳು ನಾನೇ. ನಾನು ಔಷಧಿ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಫಸ್ಟ್ ಶಿಫ್ಟಿನವಳು, ಮಧ್ಯಾಹ್ನ ಮೂರಕ್ಕೆ ಮನೆಗೆ ಬರುತ್ತೇನೆ. ಶಿಫ್ಟು ಬಿಟ್ಟವರು ಹಸಿದುಕೊಂಡು ನಮ್ಮ ಮನೆ ಮುಂದೆಯೇ ಹಾದುಹೋಗುವುದನ್ನು ದಿನಾ ನೋಡುತ್ತಿದ್ದೆ. ಮುನಿರಾಜು ಮೊದಲು ಆಗಲ್ಲ ಎಂದ. ಮಾರನೆಯ ದಿನ ಖಾಲಿ ಮಳಿಗೆಯೊಳಗೆ ಹೋಗಿ ತುಂಬ ಹೊತ್ತು ನಿಂತು ಬಂದು, "ನೀವು ಜೊತೇಲಿ ನಿಲ್ತೀರಾ ಅತ್ತಿಗೆ? ಒಬ್ನೇ ಅಂದ್ರೆ ಬೇಡ" ಅಂದ. ಗಿರಾಕಿಗಳ ಜೊತೆ ಮಾತಾಡಲು ಸಂಕೋಚವಿರಬೇಕು ಎಂದುಕೊಂಡು ಒಪ್ಪಿದೆ.

ಆಗ ಆಷಾಢ ಶುರುವಾಗಿತ್ತು. "ಆಸಾಡದಾಗೆ ಯಾರಾದ್ರೂ ಅಂಗಡಿ ತೆಗೀತಾರಾ? ಸ್ರಾವಣ ಬರ್ಲಿ, ಒಳ್ಳೆ ಸುಕ್ರವಾರ ನೋಡಿ ಪೂಜೆ ಮಾಡಿ" ಎಂದರು ಅತ್ತೆ. ಹಿರಿಯರ ಮಾತು, ಕಾಯ್ದೆವು. ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಶೆಡ್ಡು ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಹೆಬ್ಬೆರಳು ದಪ್ಪದ ಕಬ್ಬಿಣದ ಹಂಚು ಕತ್ತರಿಸಿ ಕಳಿಸಿದ. ಗೂಡ್ಸ್ ಆಟೋದಿಂದ ಅದನ್ನು ಇಳಿಸುವಷ್ಟರಲ್ಲಿ ನನ್ನ ಗಂಡನ ಸೊಂಟ ಹಿಡಿದುಕೊಂಡಿತು. ಅಂಗಡಿಯ ಅರ್ಧ ಜಾಗ ಹಂಚಿಗೇ ಹೋದದ್ದನ್ನು ನೋಡಿ ಅತ್ತೆ, "ಮೂಗಿಗಿಂತ ಮೂಗುತಿ ಬಾರ" ಎಂದರು. ಮುನಿರಾಜು ಮಾತ್ರ ಆಷಾಢವಿಡೀ ಅದನ್ನು ಕಾಯಿಸಿ, ಎಣ್ಣೆ ಸವರಿ, ಒರೆಸಿ ಕಪ್ಪಗೆ ಮಿರುಗುವಂತೆ ಪಳಗಿಸಿದ. ವರ್ಷದಿಂದ ಸತ್ತಂತಿದ್ದ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಆ ದಿನಗಳಲ್ಲೇ ಒಂದು ಸಂಜೆ ಜೋರು ಮಳೆ ಬಂದು ನಿಂತು ಕೆರೆಗಾಳಿ ತಿರುಗಿತು. ಆ ದಿನದ ನಾತ ಎಂಥದ್ದೆಂದರೆ ಎದುರು ಮನೆಯ ಬಾಡಿಗೆ ಹುಡುಗರು ಮೂಗಿಗೆ ಟವಲು ಕಟ್ಟಿಕೊಂಡು ಓಡಾಡುತ್ತಿದ್ದರು. ನಾನು ಸೆರಗು ಮುಚ್ಚಿಕೊಂಡು ಮೇಲಿನ ಕಿಟಕಿಗಳನ್ನೆಲ್ಲ ಹಾಕಿ ಕೆಳಗೆ ಬಂದೆ. ಮುನಿರಾಜು ಕೆರೆ ಕಡೆಯ ಕಿಟಕಿಯನ್ನು ಅಗಲವಾಗಿ ತೆರೆದು, ಅದಕ್ಕೆ ಒರಗಿ ನಿಂತು, ನಿಧಾನವಾಗಿ ಕಾಫಿ ಕುಡಿಯುತ್ತಿದ್ದ.

ನಾನು ಅವನನ್ನೇ ನೋಡಿದೆ. ಅವನೂ ನನ್ನ ಮೂಗಿನ ಮೇಲಿದ್ದ ಸೆರಗು ನೋಡಿದ. ಅವನ ಕೈ ಮೆಲ್ಲಗೆ ಕಿಟಕಿಯ ಬಾಗಿಲಿಗೆ ಹೋಯಿತು.

"ಯಾವಾಗಿಂದ?" ಎಂದು ಕೇಳಿದೆ.

"ಆಸ್ಪತ್ರೆಯಿಂದ ಬಂದಾಗಿಂದ. ಉಪ್ಪು, ಹುಳಿ, ಖಾರ ನಾಲ್ಗೆಗೆ ಗೊತ್ತಾಗತ್ತೆ ಅತ್ತಿಗೆ. ವಾಸನೆ ಅನ್ನೋದು ಒಂದೂ ಇಲ್ಲ. ಅಪ್ಪನ ಟವಲ್ ತಗೊಂಡು ಮೂಸಿ ನೋಡ್ದೆ. ಅದ್ರಲ್ಲೂ ಇಲ್ಲ." ಲೋಟವನ್ನು ಕಿಟಕಿಯ ಮೇಲಿಟ್ಟು, "ವಾಸನೆ ಗೊತ್ತಾಗದ ಅಡುಗೆಯವನನ್ನ ಯಾರು ಇಟ್ಕೋತಾರೆ? ಅಮ್ಮಂಗೆ ಹೇಳ್ಬೇಡಿ" ಅಂದ.

ಇವನು ವರ್ಷವಿಡೀ ಸೋಮಾರಿಯಾಗಿ ಕೂತಿರಲಿಲ್ಲ, ತನ್ನ ಕಸುಬು ಕೈಬಿಟ್ಟಿತೆಂದು ಹೆದರಿ ಕೂತಿದ್ದ. ಅವನು ಡಾಕ್ಟರ ಹತ್ತಿರವೂ ಹೋಗಿಬಂದಿದ್ದನಂತೆ. ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರಂತೆ ಅವರು. ಬಂದರೂ ಮೊದಮೊದಲು ತಪ್ಪುತಪ್ಪಾಗಿ ಬರುತ್ತದೆ, ಒಳ್ಳೆಯದೂ ಕೆಟ್ಟದಾಗಿ ನಾರಬಹುದು, ಹಾಗಾದರೆ ಹೆದರಬೇಡಿ, ಅದು ಒಳ್ಳೆಯ ಸೂಚನೆ ಎಂದೂ ಹೇಳಿದ್ದರಂತೆ. "ನಂಗೆ ನಾತಾನೂ ಬಂದಿಲ್ಲ ಅತ್ತಿಗೆ" ಎಂದು ಮುನಿರಾಜು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ಮೂಗು ನಂದು, ಕೈ ನಿಂದು. ಅಂಗಡಿ ತೆಗಿಯೋಣ" ಅಂದೆ.

ಅಂತೂ ಶ್ರಾವಣದ ಮೊದಲ ಶುಕ್ರವಾರ ಬಂತು. ಬಾಳೆಕಂದು, ಮಾವಿನ ಸೊಪ್ಪು, ಬಾಗಿಲಿಗೆ ಕುಂಬಳಕಾಯಿ. ಬೇಕರಿಯಿಂದ ಬನ್ನು ಬಂದಿತ್ತು. ಈರುಳ್ಳಿಯನ್ನು ಎಳೆಯೆಳೆಯಾಗಿ ಒಂದು ಬೇಸಿನ್ ತುಂಬ ಹೆಚ್ಚಿಟ್ಟಿದ್ದೆವು. ಬೆಳಿಗ್ಗೆ ಮಾಂಸ ತರಲು ಚಂದಾಪುರಕ್ಕೆ ಹೋದ ನನ್ನ ಗಂಡ ಖಾಲಿ ಚೀಲ ಹಿಡಿದು ಬಂದರು. ಮುಖದಲ್ಲಿ ಏನೋ ವಿಚಿತ್ರ ಭಾವ.

"ಕೈಮ ಕೇಳ್ದೆ. ಅಂಗಡಿಯೋನು ನನ್ನನ್ನ ಮೇಲಿಂದ ಕೆಳಗೆ ನೋಡ್ದ. ಏನ್ ಸ್ವಾಮಿ, ಶ್ರಾವಣದಲ್ಲಿ ಇಷ್ಟೊಂದು ಯಾರಿಗೆ, ನಿಮ್ಮನೇಲಿ ತಿಂತೀರಾ ಅಂದ."

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ಮಂಗಳಾರತಿ ತಟ್ಟೆ ಹಿಡಿದವರು ಹಾಗೇ ಕುಕ್ಕರಿಸಿದರು. "ಅಯ್ಯೋ ನನ್ ಬುದ್ದಿಗಿಷ್ಟು! ಸ್ರಾವಣದಾಗೆ ನಮ್ಮನೇಲಿ ಒಲೆ ಮ್ಯಾಲೆ ಮಾಂಸ ಇಡಾಕಿಲ್ಲವಲ್ಲೋ!" ಆಷಾಢ ಯಾವಾಗ ಕಳೆಯುತ್ತದೋ ಎಂದು ತಿಂಗಳಿಡೀ ಪಂಚಾಂಗ ನೋಡಿದ ನಾವು ಆಮೇಲೆ ಬರುವುದು ಯಾವ ತಿಂಗಳೆಂದು ಯೋಚಿಸಿರಲೇ ಇಲ್ಲ. ಒಳ್ಳೆಯ ತಿಂಗಳು ಅನ್ನುವುದಷ್ಟೇ ತಲೆಯಲ್ಲಿತ್ತು. ಆ ಒಳ್ಳೆಯತನಕ್ಕೇ ಊರಿಗೆ ಊರೇ ಮಾಂಸ ಬಿಟ್ಟಿರುತ್ತದೆ ಎಂಬುದು ಮರೆತುಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದ ಹಾಗೆ. ಮೊದಲು ನಕ್ಕವನು ಮುನಿರಾಜು. ಅವನು ಬಾಯ್ತುಂಬ ನಕ್ಕದ್ದನ್ನು ನಾನು ವರ್ಷದ ಮೇಲೆ ನೋಡಿದೆ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ನಗು ಮುಗಿದ ಮೇಲೆ ಈರುಳ್ಳಿ ಬೇಸಿನ್ ಹಾಗೇ ಕುಳಿತಿತ್ತು. ಪೂಜೆಗೆ ಬರುವವರಿಗೆಂದು ಅತ್ತೆ ಸಬ್ಬಸಿಗೆ ಸೊಪ್ಪು ಹಾಕಿ ನುಚ್ಚಿನುಂಡೆ ಬೇಯಿಸಿಟ್ಟಿದ್ದರು. ಬೇಳೆಯನ್ನು ತರಿಯಾಗಿ ರುಬ್ಬಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುವ ಉಂಡೆ. ಮುನಿರಾಜು ಒಂದನ್ನು ಎತ್ತಿಕೊಂಡು ಅಂಗೈಯಲ್ಲಿ ತಿರುಗಿಸಿದ. ಕಾದ ಹಂಚಿನ ಮೇಲೆ ಹಿಡಿ ಈರುಳ್ಳಿ ಹರಡಿ, ಮೇಲೆ ಉಂಡೆ ಇಟ್ಟು, ಸಟ್ಟುಗದಿಂದ ಮೆಲ್ಲಗೆ ಒತ್ತಿದ.

"ಇದೂ ಬರ್ಗರಾ?" ಎಂದು ನನ್ನ ಗಂಡ ಕೇಳಿದರು.

"ಕನೆಕ್ಟಿಕಟ್ಟೋರು ಹಬೇಲಿ ಬೇಯಿಸ್ತಾರೆ, ಒಕ್ಲಹೋಮದೋರು ಈರುಳ್ಳಿ ಒತ್ತುತಾರೆ, ಮಿಸಿಸಿಪ್ಪಿಯೋರು ಹಿಟ್ಟು ಹಾಕ್ತಾರೆ. ಕೈಗೆ ಏನು ಸಿಗ್ತೋ ಅದ್ರಲ್ಲೇ ತಾನೇ ಅಣ್ಣ ಅವ್ರೂ ಮಾಡಿದ್ದು? ಇದು ಬೊಮ್ಮಸಂದ್ರದ್ದು" ಎಂದ ಮುನಿರಾಜು. ಆಮೇಲೆ ತಲೆಯೆತ್ತದೆ, ನನಗೆ ಮಾತ್ರ ಕೇಳುವ ಹಾಗೆ, "ಅತ್ತಿಗೆ, ಹೇಗಿದೆ?" ಅಂದ.

ಆ ಪ್ರಶ್ನೆಗೆ ಉತ್ತರ ಕೊಡುವುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಜೀವಮಾನವಿಡೀ ಈರುಳ್ಳಿ ಹುರಿದವಳು ನಾನು, ಅದರ ವಾಸನೆಯನ್ನು ಮಾತಿನಲ್ಲಿ ಹೇಳು ಎಂದರೆ ತೊದಲಿದೆ. "ಹಸಿ ಇದೆ" ಎಂದೆ. "ಈಗ ಹಸಿ ಹೋಯ್ತು." "ಈಗ ಮದುವೆ ಮನೆ ಅಡುಗೆ ಥರ." "ಈಗ ಬೆಲ್ಲದ ಪಾಕದ ಥರ... ತಿರುವು, ತಿರುವು!" ದಿನ ಕಳೆದಂತೆ ನಮ್ಮಿಬ್ಬರದೇ ಒಂದು ಭಾಷೆಯಾಯಿತು. 'ಮದುವೆ ಮನೆ' ಎಂದರೆ ಇನ್ನೂ ಸ್ವಲ್ಪ ಹೊತ್ತು, 'ಬೆಲ್ಲ' ಎಂದರೆ ತಿರುವಬೇಕು, 'ಬೀಡಿ' ಎಂದರೆ ಕೆಟ್ಟಿತು, ತೆಗೆ. ಗಿರಾಕಿಗಳಿಗೆ ಇದೊಂದು ತಮಾಷೆ. ಜಿಗಣಿಯ ವೆಲ್ಡರ್ ಹುಡುಗರು "ಅಕ್ಕಾ, ನಮ್ದು ಮದುವೆ ಮನೆಗೆ ಬಂತಾ?" ಎಂದು ಕೂಗುತ್ತಿದ್ದರು. ನನ್ನ ಜೊತೆ ಪ್ಯಾಕಿಂಗಿನಲ್ಲಿರುವ ಹುಡುಗಿಯರು ಬಸ್ಸಿಗೆ ಮೊದಲು ಬಂದು ನಿಂತುಕೊಂಡೇ ತಿಂದು ಹೋಗುತ್ತಿದ್ದರು. ಅತ್ತೆ ಬೆಳಿಗ್ಗೆ ನಾಲ್ಕು ಪಾತ್ರೆ ನುಚ್ಚಿನುಂಡೆ ಬೇಯಿಸಿ, "ನನ್ನ ಉಂಡೆಗೆ ಅಮೇರಿಕದ ನಾಮಕರಣ ಮಾಡವ್ನೆ ನನ್ ಮಗ" ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಂಗಡಿಯೇನೋ ನಡೆಯಿತು. ಆದರೆ ಪ್ರತಿ ಸಂಜೆ ಬಾಗಿಲು ಎಳೆಯುವಾಗ ಮುನಿರಾಜು ಒಂದು ಚೂರು ಈರುಳ್ಳಿಯನ್ನು ಮೂಗಿನ ಹತ್ತಿರ ಹಿಡಿದು, ಏನೂ ಇಲ್ಲ ಎಂಬಂತೆ ಎಸೆಯುವುದನ್ನು ನಾನು ನೋಡುತ್ತಿದ್ದೆ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ದಿನ ನನ್ನ ಬದಲಿಗೆ ಬರಬೇಕಾದವಳು ಬರಲಿಲ್ಲ, ನಾನು ಕಾರ್ಖಾನೆಯಲ್ಲೇ ಇನ್ನೊಂದು ಗಂಟೆ ಉಳಿಯಬೇಕಾಯಿತು. ಗಿರಾಕಿಗಳು ಕಾಯುತ್ತಾರೆಂದು ಮುನಿರಾಜು ಒಬ್ಬನೇ ಅಂಗಡಿ ತೆಗೆದ. ಹಂಚಿನ ಕೆಳಗಿನ ಗ್ಯಾಸ್ ಪೈಪು ಸಡಿಲವಾಗಿತ್ತು. ಹಿಂದಿನ ಬಾಗಿಲಿನಿಂದ ನುಚ್ಚಿನುಂಡೆ ಪಾತ್ರೆ ತಂದ ಅತ್ತೆಗೆ ಹೊಸ್ತಿಲಲ್ಲೇ ಗ್ಯಾಸಿನ ವಾಸನೆ ರಪ್ಪೆಂದು ಹೊಡೆಯಿತು. ಒಳಗೆ ಮಗ ಲೈಟರ್ ಹಿಡಿದು ಬಗ್ಗಿದ್ದಾನೆ. ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನೇ ಬೀಸಿದರು. ಲೈಟರ್ ಹಾರಿಹೋಯಿತು, ಉಂಡೆಗಳು ರಸ್ತೆಗೆ ಉರುಳಿದವು.

ನಾನು ಬರುವಷ್ಟರಲ್ಲಿ ಎಲ್ಲ ಬಯಲಾಗಿತ್ತು. ಅತ್ತೆ ಅಂಗಡಿ ಮೆಟ್ಟಿಲ ಮೇಲೆ ಕುಳಿತಿದ್ದರು. "ನಿಂಗೂ ಗೊತ್ತಿತ್ತಾ ಜಯಂತಿ?" ಎಂದರು. ತಲೆಯಾಡಿಸಿದೆ. "ಒಬ್ರನ್ನ ಕಳ್ಕೊಂಡಿವ್ನಿ. ಇವ್ನನ್ನೂ ಆ ಒಲೆಗೆ ಕೊಡಾಕೆ ನನ್ ಕೈಲಾಗಾಕಿಲ್ಲ. ನೀನು ಪಕ್ಕದಾಗಿದ್ರೆ ಮಾತ್ರ ಒಲೆ ಅಚ್ಲಿ. ಅದೂ ಪಕ್ಸದ ಗಂಟ. ನಿಮ್ಮಾವಂಗೆ ಎಡೆ ಇಟ್ಟ ದಿನವೇ ಬೀಗ." ಮುನಿರಾಜು ರಸ್ತೆಗೆ ಉರುಳಿದ್ದ ಉಂಡೆಗಳನ್ನು ಒಂದೊಂದಾಗಿ ಆರಿಸಿ ಪಾತ್ರೆಗೆ ಹಾಕುತ್ತಿದ್ದ. ತಾಯಿ ಹೇಳಿದ್ದು ನ್ಯಾಯವಾಗಿಯೇ ಇತ್ತು, ನಾನೂ ಬಗ್ಗಿ ಉಂಡೆ ಆರಿಸತೊಡಗಿದೆ.

ಗಣೇಶನ ಹಬ್ಬ ಕಳೆದು ಮಾಂಸದ ಬರ್ಗರೂ ಶುರುವಾಯಿತು. ಜನ ಹೆಚ್ಚಿದರು, ನಮ್ಮ ಉತ್ಸಾಹ ಮಾತ್ರ ಇಳಿದಿತ್ತು. ಮುಚ್ಚುವ ಅಂಗಡಿಗೆ ಗಿರಾಕಿ ಬಂದರೆ ಸಂಕಟವೇ ಜಾಸ್ತಿ. ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು.

ಪಕ್ಷದ ಹಬ್ಬದಲ್ಲಿ ನಮ್ಮ ಕಡೆ ಹೋದವರಿಗೆ ಅವರ ಇಷ್ಟದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಎಡೆ ಇಡುತ್ತೇವೆ. ವರ್ಷದ ತಿಥಿ ಕಳೆದ ಮೇಲೆ ಮಾವನಿಗೆ ಅದು ಮೊದಲ ಪಕ್ಷ. ಮುದ್ದೆ, ಕೈಮ ಉಂಡೆ ಸಾರು, ಹೊಸ ಪಂಚೆ, ಒಂದು ಕಟ್ಟು ಬೀಡಿ. ಎಲ್ಲ ಹೊಂದಿಸಿದ ಮೇಲೆ ಅತ್ತೆ ಮುನಿರಾಜುವನ್ನು ಕರೆದು, "ಅದೇನೋ ತಿನ್ಬೇಕು ಅಂತಿದ್ರಲ್ಲ, ಆಸೆ ಇಟ್ಕೊಂಡೇ ಓದ್ರು. ಆ ಅಂಚನ್ನ ಇತ್ಲಿಗೆ ತರ್ಸು. ಸೌದೆ ಒಲೇಲಿ ಮಾಡು" ಎಂದರು.

ಒಂದು ತೊಡಕಿತ್ತು. ಎಡೆ ಇಡುವವರೆಗೆ ಆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಮೂಸುವಂತಿಲ್ಲ. ಹಿರಿಯರಿಗಿಂತ ಮೊದಲು ಅದು ನಮಗೆ ಸೇರಬಾರದು. ಅಂದರೆ ನನ್ನ ಮೂಗಿಗೆ ಅಲ್ಲಿ ಪ್ರವೇಶವಿಲ್ಲ. ಅತ್ತೆ ನನ್ನನ್ನು ನೀರಿನ ಸಂಪಿನಾಚೆ ನಿಲ್ಲಿಸಿದರು. ಮುನಿರಾಜು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಹಿತ್ತಲಲ್ಲಿ ಹಂಚಿನ ಮುಂದೆ ಕುಳಿತ. ಯಾವಾಗಲೂ ನನ್ನ ಕಡೆ ತಿರುಗುತ್ತಿದ್ದವನು ಅಂದು ತಿರುಗಲಿಲ್ಲ. ಈರುಳ್ಳಿ ಹರಡಿದ, ಕೈಮ ಇಟ್ಟು ಒತ್ತಿದ, ಆಮೇಲೆ ಕಿವಿಯನ್ನು ಹಂಚಿನ ಕಡೆಗೆ ಬಾಗಿಸಿ ಕೇಳುತ್ತಾ ಕುಳಿತ. ಚುರ್ ಎನ್ನುವ ಸದ್ದು ಸಣ್ಣಗಾಗುವುದನ್ನು ಕಾಯುತ್ತಿದ್ದಾನೆ ಎಂದು ತಿಳಿಯಿತು. ನಡುವೆ ಎರಡು ಸಲ ತಲೆಯೆತ್ತಿ ಕೆರೆಯ ಕಡೆ ನೋಡಿ ಹುಬ್ಬು ಗಂಟಿಕ್ಕಿದ. ಸೌದೆಯ ಹೊಗೆ ಕಣ್ಣಿಗೆ ಹೋಗಿರಬೇಕು ಎಂದುಕೊಂಡೆ. ಆಮೇಲೆ ತಿರುವಿ ಹಾಕಿದ. ದೂರದಿಂದಲೇ ಕಂಡಿತು, ಬಣ್ಣ ಸರಿಯಾಗಿತ್ತು. ನನಗೆ ಹೆಮ್ಮೆಯಾಯಿತು, ದುಃಖವೂ ಆಯಿತು.

ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಅತ್ತೆ ಒಂದು ಬೀಡಿ ಹಚ್ಚಿ ಫೋಟೋದ ಮುಂದಿಟ್ಟರು. ಎಲ್ಲರೂ ಅಡ್ಡಬಿದ್ದು ಹೊರಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು. ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಸುಮ್ಮನೆ ಕುಳಿತಿದ್ದೆವು. ಅತ್ತೆಯ ಸೊಂಟದಲ್ಲಿ ಅಂಗಡಿಯ ಬೀಗದ ಕೈ ಸಿಕ್ಕಿಕೊಂಡಿತ್ತು.

"ಕೆರೆ ಬಂತು" ಎಂದ ಮುನಿರಾಜು. "ಅತ್ತಿಗೆ, ಕಿಟಕಿ ಹಾಕಿ."

ನಾನು ಅಭ್ಯಾಸದಂತೆ ಎದ್ದು ಕಿಟಕಿಗೆ ಕೈ ಹಾಕಿದೆ. ಹೊರಗೆ ಒಳ್ಳೆಯ ಬಿಸಿಲು. ಗಾಳಿ ಹೆದ್ದಾರಿ ಕಡೆಯಿಂದ ಬೀಸುತ್ತಿತ್ತು. ಕೆರೆಯ ಸುಳಿವೇ ಇರಲಿಲ್ಲ. ನನ್ನ ಕೈ ಅಲ್ಲೇ ನಿಂತಿತು.

"ಎಲ್ಲೋ ಕೆರೆ?" ಎಂದರು ನನ್ನ ಗಂಡ.

"ಏನಣ್ಣ, ಇಷ್ಟು ನಾರ್ತಾ ಇದೆ, ಹಿತ್ತಲಲ್ಲೂ ಆಗ್ಲಿಂದ..." ಮುನಿರಾಜುವಿನ ಮಾತು ಅರ್ಧಕ್ಕೆ ನಿಂತಿತು. ಅವನು ಮೆಲ್ಲಗೆ ತಿರುಗಿ, ಮುಚ್ಚಿದ ಬಾಗಿಲ ಸಂದಿಗೆ ಮೂಗು ತಂದು ಉಸಿರೆಳೆದ. ಮುಖ ಹಿಂಡಿ ಹಿಂದೆ ಸರಿದ. ಮತ್ತೆ ಹತ್ತಿರ ಹೋಗಿ ಇನ್ನೂ ಜೋರಾಗಿ ಎಳೆದುಕೊಂಡ. ಆ ಸಂದಿಯಿಂದ ನಮಗೆಲ್ಲ ಬರುತ್ತಿದ್ದದ್ದು ಬೆಂದ ಈರುಳ್ಳಿಯ ಘಮ. ಒಳ್ಳೆಯ ಬೆಲ್ಲದ ಹದ. "ಇಲ್ಲಿಂದ ಅತ್ತಿಗೆ" ಎಂದ. "ಇಲ್ಲಿಂದ್ಲೇ ನಾರ್ತಾ ಇರೋದು."

ಗ್ಯಾಸಿನ ದಿನ ಎಲ್ಲ ಬಯಲಾದ ಮೇಲೆ ಅತ್ತೆಗೆ ಡಾಕ್ಟರು ಹೇಳಿದ್ದನ್ನು ನಾನೇ ವಿವರಿಸಿದ್ದೆ. ಅದು ಅವರಿಗೆ ಆ ಗಳಿಗೆಯಲ್ಲಿ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಅವರು ಮಗನ ಮುಖ ನೋಡಿದರು, ಬಾಗಿಲು ನೋಡಿದರು, ಎರಡೂ ಕೈ ಜೋಡಿಸಿದರು.

"ಬಂದವ್ರೆ ಕಣೋ" ಎಂದರು. "ನಿಮ್ಮಪ್ಪ ಬಂದವ್ರೆ."

ಬಾಗಿಲು ತೆರೆದಾಗ ಬೀಡಿ ಅರ್ಧ ಉರಿದು ಆರಿತ್ತು. ಅತ್ತೆ ಎಡೆಯಿಂದ ಬರ್ಗರ್ ಎತ್ತಿ ಮುರಿದು ಮಗನ ಬಾಯಿಗೆ ಹಿಡಿದರು. "ನಾತ ಹೊಡೀತದೆ ಕಣಮ್ಮ" ಎಂದು ಅವನು ಅಳುತ್ತಾ ನಗುತ್ತಾ ಹೇಳಿದ. "ಒಡೀಲಿ. ತಿನ್ನು" ಎಂದರು ಅತ್ತೆ. ಅವನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಆ ಕೈಯನ್ನೂ ತೆಗೆದು ಪೂರ್ತಿ ತಿಂದ. ಬೀಗದ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಅವನಿಗೆ ಗ್ಯಾಸಿನ ವಾಸನೆ ಗೊತ್ತಾಗುತ್ತದೆಂದು ತಾವೇ ಪರೀಕ್ಷೆ ಮಾಡಿ ನೋಡುವವರೆಗೆ ಕೀಲಿಕೈಯನ್ನು ಮಾತ್ರ ಸೊಂಟದಿಂದ ಇಳಿಸಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವನಿಗೆ ಮಲ್ಲಿಗೆ ಬಂತು, ಕಾಫಿ ಬಂತು, ಮಳೆ ಬಿದ್ದ ಮಣ್ಣು ಬಂತು. ಒಂದು ದಿನ ಮಾವನ ಹಳೆಯ ಟವಲು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತ, ಅದೂ ಬಂದಿತ್ತು. ಈರುಳ್ಳಿ ಮಾತ್ರ ಇವತ್ತಿಗೂ ನೆಟ್ಟಗೆ ಬಂದಿಲ್ಲ. ಅಂಗಡಿ ನಡೆಯುತ್ತಿದೆ. ಶ್ರಾವಣದಲ್ಲಿ ಹುಟ್ಟಿದ ನುಚ್ಚಿನುಂಡೆ ಬರ್ಗರನ್ನು ನಿಲ್ಲಿಸೋಣವೆಂದು ಒಮ್ಮೆ ಯೋಚಿಸಿದೆವು. ಗಿರಾಕಿಗಳು ಜಗಳಕ್ಕೇ ಬಂದರು, ಅದಿಲ್ಲದಿದ್ದರೆ ಬೊಮ್ಮಸಂದ್ರ ಸ್ಟೈಲ್ ಹೇಗಾಗುತ್ತದೆ ಎಂದು. ಮಾವ ಇದ್ದಿದ್ದರೆ ನಾಲಗೆ ಕಷ್ಟ ಮರೆಯುವುದಿಲ್ಲ ಎಂದು ಇನ್ನೊಮ್ಮೆ ಅನ್ನುತ್ತಿದ್ದರು.

ಮಾಲಿನಲ್ಲಿ ಆ ಹುಡುಗನಿಂದ ಒಂದು ಬರ್ಗರ್ ತೆಗೆದುಕೊಂಡು, ಕುಳಿತು, ಮುನಿರಾಜುವಿಗೆ ಫೋನ್ ಮಾಡಿದೆ. ಅಂಗಡಿಯ ಗದ್ದಲದ ನಡುವೆ ಅವನ ದನಿ ಕೇಳಿತು.

"ನಮ್ಮ ಬರ್ಗರ್ ಇಲ್ಲಿ ಮಾಡ್ತಿದ್ದಾರೆ ಕಣೋ, ಒಕ್ಲಹೋಮದ್ದು."

"ಹೌದಾ! ವಾಸನೆ ಹೇಗಿದೆ ಅತ್ತಿಗೆ?"

"ನಂಗೆ ಚೆನ್ನಾಗಿದೆ. ನಿನ್ನ ಮೂಗಿಗಾದ್ರೆ ಕೆರೆ ಬಂದಂಗೆ ಇರತ್ತೆ."

"ಹಾಗಾದ್ರೆ ಸರಿಯಾಗಿ ಬೆಂದಿದೆ" ಅಂದ. "ತಿನ್ನಿ."